ಅಜ್ಜಿ ಹೊದ್ದು ಮಲಗಿದ ಮುನಿಸಾಕ್

ಬುಖಾರಾ,
ಮಾರ್ಚ್ ೫

ಪ್ರೀತಿಯ ಸಬೋಹತ್ ಅಕ್ಕಾ,

ಇಸ್ತಾಂಬುಲಿನ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಅಮ್ಮ ಕಳಿಸಿದ ಮುರಬ್ಬ ತಿನ್ನುತ್ತಿದ್ದೀಯಾ, ಇಲ್ಲಾ ಜಾಡಿಯನ್ನು ಚಂದಕ್ಕೆ ಇಟ್ಟುಕೊಂಡಿದ್ದೀಯಾ? ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿ ಮಾತ್ರ ಮಂಗಳವಾರ ತೀರಿಕೊಂಡು, ಚಹಾ ಆರುವುದರೊಳಗೆ ಎದ್ದು ಕೂತರು. ಗಾಬರಿಯಾಗಬೇಡ, ವರದಿಯನ್ನು ಕ್ರಮವಾಗಿಯೇ ಸಲ್ಲಿಸುತ್ತೇನೆ.

ಅಜ್ಜಿಯ ಮದುವೆಯ ಮುನಿಸಾಕ್ ನೆನಪಿದೆಯಲ್ಲ? ನೀರಿಗೆ ಬಿದ್ದ ಬಣ್ಣದಂತೆ ಅಂಚು ಕದಡಿದ ದಾಳಿಂಬೆಗಳಿರುವ, ಅವರ ಅಜ್ಜಿಯ ಕಾಲದ ಆ ರೇಷ್ಮೆ ನಿಲುವಂಗಿ. ಅದನ್ನು ಕೇಳಿಕೊಂಡು ವಸ್ತುಸಂಗ್ರಹಾಲಯದಿಂದ ದಿಲೋರೋಂ ಎಂಬಾಕೆ ಬಂದಿದ್ದಳು. ಬಿಳಿ ಕೈಗವಸು ತೊಟ್ಟು, ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡಳು. "ಗಾಜಿನೊಳಗಿದ್ರೆ ಇನ್ನೂರು ವರ್ಷ ಬಾಳತ್ತೆ ಅಜ್ಜಿ" ಅಂದಳು. "ಅದು ಬಾಳತ್ತಮ್ಮಾ, ತೊಡೋರು ಬೇಡ್ವಾ?" ಎಂದರು ಅಜ್ಜಿ. ನಮ್ಮ ರೂಢಿಯಂತೆ ಮದುವೆಗೆ ತೊಟ್ಟದ್ದನ್ನೇ ಕೊನೆಗೆ ಹೆಣದ ಡೋಲಿಗೂ ಹೊದಿಸಿ, ಆಮೇಲೆ ಮನೆಯ ಹಿರಿಯ ಮೊಮ್ಮಗಳಿಗೆ, ಅಂದರೆ ಮಹಾರಾಣಿ ನಿನಗೆ, ಕೊಡಬೇಕಲ್ಲ. ಆದರೆ ವರನನ್ನು ಬೇಡವೆಂದು ನೀನು ಹೊರಟುಹೋದ ಮೇಲೆ ಅಜ್ಜಿ ನಿನ್ನ ಹೆಸರೇ ಎತ್ತಿಲ್ಲ. "ಜರದಾಳು ಗಿಡ ಹೂ ಬಿಡ್ಲಿ, ಕೊಡ್ತೀನೋ ಇಲ್ವೋ ಹೇಳ್ತೀನಿ" ಎಂದು ದಿಲೋರೋಂಳನ್ನು ಕಳಿಸಿದರು.

ಮಂಗಳವಾರ, ಮುನಿಸಾಕ್ ಪಾದದವರೆಗೆ ಬರುತ್ತದೋ ಇಲ್ಲವೋ ನೋಡಲು ಅಜ್ಜಿ ಅಂಗಳದ ಮಂಚದ ಮೇಲೆ ನೆಟ್ಟಗೆ ಮಲಗಿದರು. ನಾನು ಮುಖ ಮುಚ್ಚುವಂತೆ ಹೊದಿಸಿ, ಪರಮ ಗಾಂಭೀರ್ಯದಿಂದ ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಪಕ್ಕದ ಮನೆಯ ಮಸ್ತೂರಾ ಚಿಕ್ಕಮ್ಮ ರೊಟ್ಟಿ ತಂದರು. ಮುನಿಸಾಕ್ ಹೊದ್ದು ಮಲಗಿದವರನ್ನು ಕಂಡರೆ ನಮ್ಮೂರಲ್ಲಿ ಯಾರಾದರೂ ನಾಡಿ ಹಿಡಿದು ನೋಡುತ್ತಾರೆಯೇ? "ಅಯ್ಯೋ ನನ್ನ ಚಿನ್ನಾ, ಹೋಗೇಬಿಟ್ಯಾ!" ಎಂದು ಶುರುಮಾಡಿದರು. ಕೇರಿಯೆಲ್ಲ ನೆರೆಯಿತು, ಹೆಂಗಸರ ಅಳು ಮುಗಿಲು ಮುಟ್ಟಿತು, ಗಂಡಸರು ಮಸೀದಿಯಿಂದ ಡೋಲಿಯನ್ನೇ ಹೊತ್ತು ತಂದರು. ಆಗ ದಾಳಿಂಬೆಗಳ ಕೆಳಗಿನಿಂದ ದನಿ ಬಂತು: "ಮಸ್ತೂರಾ, ರೊಟ್ಟಿ ಬಿಸಿ ಇದ್ಯಾ?"

ಡೋಲಿ ಹೊತ್ತವರು ಇನ್ನೂ ನನ್ನ ಮೇಲೆ ಉರಿದುಬೀಳುತ್ತಿದ್ದಾರೆ. ಮಸ್ತೂರಾ ಚಿಕ್ಕಮ್ಮ, "ಕೋತಿ, ಕೊಟ್ಟ ಕಣ್ಣೀರು ವಾಪಸ್ ಕೊಡೇ!" ಎನ್ನುತ್ತಾರೆ.

ಅಪ್ಪ ಅಮ್ಮನ ಆಶೀರ್ವಾದ, ಮತ್ತು ಕೇರಿಯ ಬೈಗುಳದಲ್ಲಿ ನಿನ್ನ ಪಾಲು ಇದರೊಂದಿಗೆ.

ನಿನ್ನ ತಂಗಿ,
ಜುಮರಾದ್

ತಾ.ಕ.: ಅಂಚೆ ಹೊರಡುತ್ತಿದೆ, ಬೇಗ ಹೇಳಿಬಿಡುತ್ತೇನೆ. ಈ ಸಲದ ಚೇಷ್ಟೆ ನನ್ನದಲ್ಲ ಅಕ್ಕಾ. ಮುಖ ಮುಚ್ಚು, ಬಾಗಿಲು ತೆರೆದಿಡು ಎಂದದ್ದು ಅಜ್ಜಿಯೇ. ಎಲ್ಲರೂ ಹೋದ ಮೇಲೆ ಮುನಿಸಾಕ್ ಮಡಚುತ್ತಾ, "ಎಲ್ರ ಅಳೂ ಕೇಳಿಸ್ತು ಕಣೇ. ಸಬೋಹತ್ ದನಿ ಮಾತ್ರ ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ" ಅಂದರು. ಜರದಾಳು ಮೊಗ್ಗು ಕಟ್ಟಿದೆ. ಬೇಗ ಅರಳದಿರಲಿ ಎಂದು ನಾನು ಬೆಳಿಗ್ಗೆ ಎದ್ದು ಬುಡಕ್ಕೆ ಹಿಮದ ನೀರು ಸುರಿಯುತ್ತಿದ್ದೇನೆ. ಹೆಚ್ಚು ದಿನ ತಡೆಯಲಾಗದು. ಬಾ.