ಮೂರು ಚಕ್ರದ ಗಾಡಿ, ಹದಿನೈದು ಕಾಯಿ

ಜೂನ್ 11, ಮಂಗಳವಾರ. ಬೆಳಿಗ್ಗೆ 9.30

ಸೊಸೆ ಮಧುಶ್ರೀ ಎಂಟೂಹತ್ತರ ಬಸ್ಸಿಗೆ ತಿಪಟೂರಿಗೆ ಹೋದಳು. ಲ್ಯಾಬಿನಲ್ಲಿ ಇವತ್ತು ಕೆಲಸ ಜಾಸ್ತಿಯಂತೆ. ಸಿದ್ದುವಿಗೆ ರಾಗಿ ಸರಿ ತಿನ್ನಿಸಿದ್ದಾಯಿತು — ಅರ್ಧ ಅವನ ಹೊಟ್ಟೆಗೆ, ಅರ್ಧ ನನ್ನ ಬನಿಯನ್ನಿಗೆ. ಈಗ ಚಾಪೆಯ ಮೇಲೆ ಕೂತು ಸ್ಪೂನು ಬಡಿಯುತ್ತಿದ್ದಾನೆ. ಹನ್ನೊಂದು ತಿಂಗಳು. ಒಂಬತ್ತು ಕೆಜಿ, ಅಂಗನವಾಡಿಯಲ್ಲಿ ತೂಗಿದ್ದು. ಪೂರ್ತಿ ಹೆಸರು ಸಿದ್ದಾರ್ಥ್. ಅಷ್ಟುದ್ದ ಕರೆಯಲು ಯಾರಿಗೂ ಪುರಸೊತ್ತಿಲ್ಲ.

ಎಡಗೈ ಎಕ್ಸರ್‌ಸೈಜ್ ಆಯಿತು. ಡಾಕ್ಟರು ರಬ್ಬರ್ ಚೆಂಡು ಹಿಸುಕಿ ಅಂದಿದ್ದರು. ಚೆಂಡು ಈಗ ಮೊಮ್ಮಗನ ವಶ. ನಾನು ಉದುರಿದ ತೆಂಗಿನ ಹೀಚು ಹಿಸುಕುತ್ತೇನೆ. ಅದು ಮಣಿಯುವುದಿಲ್ಲ. ಜನವರಿಯ ಸ್ಟ್ರೋಕ್ ಆದಮೇಲೆ ಈ ಕೈ ನನ್ನದು ಹೌದು, ನನ್ನ ಮಾತು ಕೇಳುವುದಿಲ್ಲ.

ಅತ್ತರೆ ಎತ್ತಿಕೊಳ್ಳಲಾರೆ. ಚಾಪೆ ಸಮೇತ ಎಳೆದಾಡಿಸುತ್ತೇನೆ, ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ. ಅವನಿಗೆ ಭಾರಿ ನಗು. ಹೊಸಿಲು ಬಂದರೆ ಮುಗಿಯಿತು. ಹೊಸಿಲು ದಾಟಿಸಲು ಪಕ್ಕದ ತೋಟದ ಕಾಳಕ್ಕನನ್ನು ಕೂಗಬೇಕು. ಅವಳು ಕುರಿ ಬಿಟ್ಟು ಬರಬೇಕು.

ಏಳನೇ ತಾರೀಖು ಕೂಗಲು ನಾಚಿಕೆಯಾಗಿ ನಾನೇ ಎತ್ತಿದೆ. ಜಾರಿದ. ರಾಗಿ ಮೂಟೆಯ ಮೇಲೆ ಬಿದ್ದ. ಅಳಲೂ ಇಲ್ಲ, ನನ್ನ ಮುಖ ನೋಡಿದ. ಯಾರಿಗೂ ಹೇಳಿಲ್ಲ. ಇಲ್ಲಿ ಬರೆದದ್ದೇ ಮೊದಲು.

ಜೂನ್ 14, ಶುಕ್ರವಾರ

ಮಾಯಸಂದ್ರದಿಂದ ಬೀಗಿತ್ತಿ ಭೈರಮ್ಮ ಬಂದಿದ್ದರು, ಮಧುಶ್ರೀಯ ತಾಯಿ. ಚಕ್ಕುಲಿ ಡಬ್ಬ ಇಟ್ಟರು, ಕೂತರು, ನಾನು ಚಾಪೆ ಎಳೆಯುವುದನ್ನು ನೋಡಿದರು.

“ಬೀಗ್ರೇ, ನೀವೇನೂ ತಿಳ್ಕೊಬ್ಯಾಡಿ. ಕೈ ಸರಿಯಿಲ್ಲದ ಗಂಡಸು, ಕೂಸು ನೋಡ್ಕೊಳ್ಳಾದು ಆಟವಾ? ಅಮಾಸೆ ಹೊತ್ಗೆ ನಾನು ಕರ್ಕೊಂಡೋಯ್ತೀನಿ. ಶನಿವಾರ ಭಾನುವಾರ ಇವಳೇ ಬಂದು ನೋಡ್ಕಂಡ್ ಹೋಗ್ಲಿ.”

“ನಡೆಯೋದು ಕಲಿತರೆ ಎತ್ತೋ ಕೆಲಸವೇ ಇರಲ್ಲಮ್ಮ,” ಅಂದೆ.

“ನಡೆದ್ರೆ ಹಿಡಿಯೋರ್ ಯಾರು? ನೀವಾ?”

ಮಧುಶ್ರೀ ಟಿಫನ್ ಬಾಕ್ಸ್ ತೊಳೆಯುತ್ತಲೇ ಇದ್ದಳು. ತೊಳೆದದ್ದನ್ನೇ ತೊಳೆದಳು. ನನ್ನ ಪರ ಆಡಲಿಲ್ಲ, ಅಮ್ಮನ ಪರವೂ ಇಲ್ಲ. ನೈದರ್... ನಾರ್. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟರೂ ಇಂಥವು ಮಾತ್ರ ತಲೆಯಲ್ಲಿ ಉಳಿದಿವೆ. ಉಪಯೋಗಕ್ಕೆ ಬರುವಂಥದ್ದು ಒಂದೂ ಇಲ್ಲ.

ಮಗ ಪರಮೇಶ ಲಾರಿಯಲ್ಲಿ ಕೊಬ್ಬರಿ ಲೋಡು ಹೊತ್ತು ನಾಗಪುರದಾಚೆ ಎಲ್ಲೋ ಇದ್ದಾನೆ. ಫೋನಿನಲ್ಲಿ ಕೇಳಿದರೆ, “ನೀವ್‌ನೀವೇ ಮಾತಾಡ್ಕೊಳ್ಳಪ್ಪ, ಘಾಟಿಲಿದೀನಿ.”

ನನ್ನವಳು ಶಾಂತಕುಮಾರಿ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಅವಳು ಹೋಗಿ ಎರಡು ವರ್ಷ.

ಜೂನ್ 16, ಭಾನುವಾರ

ಮಧುಶ್ರೀ ಮೊಬೈಲ್ ತಂದು ಮುಂದೆ ಹಿಡಿದಳು. “ಮಾವ, ಇಂಥದ್ದು ತಗೊಂಡ್ರೆ ಹೆಂಗೆ?”

ಮಗು ಕೂರಿಸಿ ತಳ್ಳುವ ಗಾಡಿ. ಹೆಸರು ತಟ್ಟನೆ ಬಂತು — ಪೆರಾಂಬುಲೇಟರ್! ಕಾಲೇಜಿನಲ್ಲಿ ಯಾವುದೋ ಪಾಠದಲ್ಲಿ ಬಂದಿತ್ತು. ಲೆಕ್ಚರರು ಬೋರ್ಡಿನ ಮೇಲೆ ಚಿತ್ರ ಬರೆದರು. ಎತ್ತಿನ ಗಾಡಿಯ ಥರ ಬಂತು. ಹುಡುಗರೆಲ್ಲ ನಕ್ಕೆವು. ನಿಜವಾದದ್ದನ್ನು ನೋಡಿದವನು ಒಬ್ಬನೂ ಇರಲಿಲ್ಲ, ಬಹುಶಃ ಅವರೂ ನೋಡಿರಲಿಲ್ಲ.

ಈಗ ಸ್ಟ್ರಾಲರ್ ಅನ್ನುತ್ತಾರಂತೆ. ನಾಲ್ಕು ಚಕ್ರದ್ದಿದೆ, ಮೂರು ಚಕ್ರದ್ದಿದೆ. ಅವಳು ಬೆರಳಲ್ಲಿ ತಳ್ಳುತ್ತ ಹೋದಳು, ಐವತ್ತೋ ಅರವತ್ತೋ. ನನಗೆ ತಲೆ ಸುತ್ತಿತು.

ಅಂದರೆ ಅವಳಿಗೂ ಮಗುವನ್ನು ಕಳಿಸುವ ಮನಸ್ಸಿಲ್ಲ. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ.

ಸಂಜೆ ಮನೆಯಿಂದ ಟಾರ್ ರಸ್ತೆಯವರೆಗೆ ನಡೆದು ದಾರಿ ಪರೀಕ್ಷೆ ಮಾಡಿದೆ. ಇನ್ನೂರು ಹೆಜ್ಜೆ, ಎರಡೂ ಕಡೆ ತೆಂಗು. ನಲವತ್ತು ವರ್ಷ ನಡೆದ ದಾರಿ. ಯಾವ ಮರದಲ್ಲಿ ಒಣಗರಿ ಜೋತಿದೆ, ಯಾವ ಗೊನೆ ಬಲಿತಿದೆ, ಕಣ್ಣು ಮುಚ್ಚಿ ಹೇಳಬಲ್ಲೆ. ನೆಲ ಹೇಗಿದೆ ಅಂತ ಗೊತ್ತೇ ಇರಲಿಲ್ಲ. ತೋಟದವರು ನೆಲ ನೋಡಿ ನಡೆಯುವುದಿಲ್ಲ, ತಲೆಯ ಮೇಲಿನ ಮರ ನೋಡಿ ನಡೆಯುತ್ತಾರೆ. ಶಾಂತಕುಮಾರಿ ದಿನಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು — “ಮ್ಯಾಕ್ ನೋಡ್ಕಂಡ್ ನಡೀರಿ!” ಮೂವತ್ತನಾಲ್ಕು ವರ್ಷ, ಒಂದು ದಿನ ತಪ್ಪದೆ.

ನೆಲದಲ್ಲಿ ಡ್ರಿಪ್ ಪೈಪು ಐದು ಕಡೆ ಅಡ್ಡ. ಗುಂಡಿ ಮೂರು. ಬೇರು ಲೆಕ್ಕವಿಲ್ಲ.

ಜೂನ್ 20, ಗುರುವಾರ

ತಿಪಟೂರು. ಸಿದ್ದುವನ್ನು ಕಾಳಕ್ಕನ ಹತ್ತಿರ ಬಿಟ್ಟು ಹೋಗಿದ್ದೆ. ಊಟದ ಹೊತ್ತಿಗೆ ಮಧುಶ್ರೀ ಲ್ಯಾಬಿನಿಂದ ಅಂಗಡಿಗೆ ಬಂದಳು.

ಅಂಗಡಿಯವನು ಭೀಮರಾಜು ಅಂತ. ಒಳ್ಳೆಯವನೇ. “ಎಲ್ಲಿ ತಳ್ತೀರಾ ಸಾರ್, ಮನೆ ಒಳಗಾ, ರೋಡಲ್ಲಾ?”

“ತೋಟದಲ್ಲಿ.”

“ತೋಟದಲ್ಲಾ!” ಬಿಲ್ ಬರೆಯುತ್ತಿದ್ದ ಹೆಂಗಸನ್ನೂ ನೋಡಿ ನಕ್ಕ. “ಹಂಗಾದ್ರೆ ಟ್ರ್ಯಾಕ್ಟರ್ ಶೋರೂಮಿಗೆ ಹೋಗ್ಬೇಕಿತ್ತು.”

ನಾಲ್ಕು ಚಕ್ರದ್ದು ತೋರಿಸಿದ. ಚಕ್ರ ಬೋಂಡದಷ್ಟು. “ಇದು ಮನೆ ಒಳಗೇ ಸಾರ್. ಟೈಲ್ಸ್ ಮೇಲೆ ಬೆಣ್ಣೆ ಥರ ಹೋಯ್ತದೆ. ಮಣ್ಣಿಗಿಳಿಸಿದ್ರೆ ಕಥೆ ಮುಗೀತು.” ಮೂರು ಚಕ್ರದ್ದಕ್ಕೆ ಸೈಕಲ್ಲಿನಂಥ ಗಾಳಿ ಟೈರು. ಮುಂದೆ ಒಂದು, ಹಿಂದೆ ಎರಡು. ಕಾಲಿನಲ್ಲಿ ಒತ್ತುವ ಬ್ರೇಕು. ತಲೆಯ ಮೇಲೆ ಬಟ್ಟೆಯ ಹುಡ್ಡು. ಜಾಗಿಂಗ್ ಮಾಡುವವರು ಮಗು ಕೂರಿಸಿಕೊಂಡು ಓಡುತ್ತಾರಂತೆ! ಒಂದೇ ಕೈಯಲ್ಲಿ ತಳ್ಳಿ ನೋಡಿದೆ. ಹೋಯಿತು. ಬಹಳ ದಿನದ ಮೇಲೆ ಏನೋ ನಾನು ಹೇಳಿದ ಕಡೆ ಹೋಯಿತು.

ಬೆಲ್ಟಿನ ಬಕಲ್ ಮಾತ್ರ ಎರಡೂ ಹೆಬ್ಬೆರಳು ಕೇಳುತ್ತದೆ. ಎರಡು ಸಲ ಪ್ರಯತ್ನಿಸಿದೆ. ಭೀಮರಾಜು ಬೇರೆ ಕಡೆ ನೋಡಿದ.

ಮಧುಶ್ರೀ ಮೆಲ್ಲಗೆ, “ಮಾವ, ನಾಲ್ಕು ಚಕ್ರದ್ದೇ ಸಾಕೇನೋ. ಮನೆ ಒಳಗೇ ಆಡಿಸಬಹುದಲ್ಲ.”

“ಚಾಪೆ ಎಳೆಯೋಕೂ ಅದಕ್ಕೂ ಏನಮ್ಮ ವ್ಯತ್ಯಾಸ? ಮಗು ಬಿಸಿಲು ಗಾಳಿ ನೋಡಬೇಕು.”

ನಿಜ ಬೇರೆ. ಭೈರಮ್ಮ ಬಂದಾಗ ಮಗುವನ್ನು ಕೂರಿಸಿಕೊಂಡು ರಸ್ತೆಯವರೆಗೆ ಎದುರುಗೊಳ್ಳಬೇಕು, ಅವರು ನೋಡಬೇಕು. ಅದಕ್ಕೇ ಮೂರು ಚಕ್ರ. ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದೆ.

ಜೂನ್ 21, ಶುಕ್ರವಾರ

ಕಾಳಕ್ಕ ಬಿಡಲಿಲ್ಲ. “ಗಾಡಿ ಅಂದ್ಮೇಲೆ ಗಾಡಿನೇ ಕಣ್ ರಂಗಣ್ಣ. ಸದ್ಯ, ಆಷಾಢ ಹುಟ್ಟೋಕ್ ಮುಂಚೆ ತಂದೆ.” ಅರಿಶಿನ ಕುಂಕುಮ ಹಚ್ಚಿದಳು. ಚಕ್ರಕ್ಕೊಂದು ನಿಂಬೆಹಣ್ಣು, ಒಟ್ಟು ಮೂರು. ನಾಲ್ಕನೆಯದು ಕೈಯಲ್ಲೇ ಉಳಿಯಿತು. “ಇದ್ಯಾತಕ್ಕೆ ತಂದೆ ನಾನು?” ಪಾನಕ ಮಾಡಿಕೊಂಡು ಕುಡಿದೆವು.

ಮಗುವನ್ನು ಕೂರಿಸುವ ಮೊದಲು ಟ್ರಯಲ್ ಬೇಡವೇ. ಒಂಬತ್ತು ಕೆಜಿಗೆ ಹದಿನೈದು ಸುಲಿದ ಕಾಯಿ. ತೂಗಿ ಇಟ್ಟೆ. ಟವೆಲ್ಲಿನಿಂದ ಬಿಗಿದು ಹೊರಟೆ. ಕಣ್ಣು ಮುಂದಿನ ಚಕ್ರದ ಮೇಲೆ. ಪೈಪು ಬಂದರೆ ಹಿಡಿ ಒತ್ತಿ ಮುಂಚಕ್ರ ಎತ್ತುವುದು, ದಾಟಿಸುವುದು. ಗುಂಡಿ ಬಂದರೆ ಬಲಕ್ಕೆ. ಹೋಗಿ ಬಂದು ನಾನೂರು ಹೆಜ್ಜೆ, ಚಕ್ರ ಬಿಟ್ಟು ಕಣ್ಣು ಕದಲಿಸಲಿಲ್ಲ. ಒಂದು ಕಾಯಿಯೂ ಉರುಳಲಿಲ್ಲ.

“ಕಾಯಿಗೂ ಗಾಡಿ ಬಂತಲ್ಲಪ್ಪೋ! ಹೊತ್ತೂ ಹೊತ್ತೂ ನನ್ ತಲೆ ಚಪ್ಪಟೆ ಆಯ್ತು,” ಕಾಳಕ್ಕ ಬೇಲಿಯಾಚೆಯಿಂದ ಕೂಗಿದಳು.

ಹೆನ್ಸ್ ಪ್ರೂವ್ಡ್.

ಜುಲೈ 4, ಗುರುವಾರ. ರಾತ್ರಿ

ಎರಡು ವಾರ ಬರೆಯಲಾಗಲಿಲ್ಲ. ಬರೆಯುವ ಪುರಸೊತ್ತಿಲ್ಲದಷ್ಟು ಚೆನ್ನಾಗಿತ್ತು.

ದಿನಾ ನಾಲ್ಕಕ್ಕೆ ಕಾಳಕ್ಕ ಬಂದು ಅವನನ್ನು ಕೂರಿಸಿ ಬಕಲ್ ಹಾಕುತ್ತಾಳೆ. ನಾನು ರಸ್ತೆಯವರೆಗೆ ಹೋಗಿ, ಬಸ್ಸು ಲಾರಿ ತೋರಿಸಿ, ಅವಳ ಮನೆಗೆ ವಾಪಸ್. ಅವಳೇ ಬಿಚ್ಚಿ ಎತ್ತಿಕೊಳ್ಳುತ್ತಾಳೆ. ಬಕಲ್ ನನಗೆ ಇನ್ನೂ ಬಗ್ಗಿಲ್ಲ.

ಇವತ್ತು ಭೈರಮ್ಮ ಬಂದರು. ಮಗುವಿನ ಬಟ್ಟೆಗೆ ಖಾಲಿ ಚೀಲ ತಂದಿದ್ದರು. ನಾಳೆ ಅಮಾವಾಸ್ಯೆ. ಬಸ್ಸಿಳಿದಾಗ ರಸ್ತೆಯಲ್ಲಿ ನಾನು, ಗಾಡಿಯಲ್ಲಿ ಸಿದ್ದು. ಅಜ್ಜಿಯನ್ನು ನೋಡಿ ಎರಡೂ ಕೈ ಎತ್ತಿದ. ಅವರೇ ತಳ್ಳುತ್ತೇನೆ ಅಂದರು. ಕೊಡಲಿಲ್ಲ. ಮನೆಯವರೆಗೆ ನಾನೇ, ಒಂದೇ ಕೈಯಲ್ಲಿ. ಐದೂ ಪೈಪು ದಾಟಿಸಿದೆ. ಅವರು ಹಿಂದೆ ಹಿಂದೆ.

ಕಾಫಿ ಕುಡಿದರು. ಚೀಲ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡರು.

“ಆಗ್ಲಿ ಬುಡಿ ಬೀಗ್ರೇ. ಇಲ್ಲೇ ಇರ್ಲಿ. ನಿಮ್ಮನ್ನ ಬುಟ್ಟು ಆ ಮಗಾನೂ ಇರಾಕಿಲ್ಲ ಅನ್ಸುತ್ತೆ.”

ಮಧುಶ್ರೀ ರಾತ್ರಿ ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿದಳು, ಕೇಳದೆಯೇ. ಅಷ್ಟೇ ಮಾತು. ಸಾಕು ನನಗೆ.

ಜುಲೈ 9, ಮಂಗಳವಾರ. ಸಂಜೆ 5.25

ಏನೂ ಆಗಿಲ್ಲ. ಅದನ್ನು ಮೊದಲು ಬರೆಯುತ್ತೇನೆ. ಸಿದ್ದು ಚಾಪೆಯ ಮೇಲಿದ್ದಾನೆ. ಸ್ಪೂನು ಬಡಿಯುತ್ತಿದ್ದಾನೆ. ಕಿವಿಯ ಹತ್ತಿರ ಒಂದು ಗೀರು, ಅಷ್ಟೆ.

ಆಷಾಢದ ಗಾಳಿ ಬೆಳಿಗ್ಗೆಯಿಂದ. ಕಾಳಕ್ಕ ಅವನನ್ನು ಕೂರಿಸಿ ಹುಲ್ಲಿಗೆ ಹೋದಳು. ಮೂರನೇ ಪೈಪಿಗೆ ಮುಂಚಕ್ರ ಸಿಕ್ಕಿಕೊಂಡಿತು. ಬ್ರೇಕ್ ಒತ್ತಿ, ಬಗ್ಗಿ, ಚಕ್ರ ನೋಡುತ್ತಿದ್ದೆ. ಚಕ್ರವನ್ನೇ ನೋಡುತ್ತಿದ್ದೆ.

ಸದ್ದು ಗೊತ್ತು ನನಗೆ. ಗರಿ ಕಳಚುವ ಸದ್ದು. ನಿದ್ದೆಯಲ್ಲಿ ಕೇಳಿದರೂ ಪಕ್ಕಕ್ಕೆ ಹಾರುವವನು. ಇವತ್ತು ಹಾರಲಿಲ್ಲ. ಹಾರಿದ್ದರೆ ಅವನೊಬ್ಬನೇ...

ಗರಿಯ ಬುಡ ಮುಂಚಕ್ರದ ಮೇಲೆ ಬಿತ್ತು. ನನ್ನ ತೊಡೆ ಗಾತ್ರದ ಬುಡ. ಚಕ್ರ ಸೊಟ್ಟಗಾಯಿತು. ಹುಡ್ಡು ಹರಿಯಿತು. ಅವನ ಮೊಣಕಾಲಿಗೂ ಅದಕ್ಕೂ ಮಧ್ಯೆ ಒಂದು ಗೇಣು.

ಬಕಲ್ ಬಿಚ್ಚಲು ಹೋದೆ. ಆಗಲಿಲ್ಲ. ಹಲ್ಲಿನಲ್ಲಿ ಕಚ್ಚಿದೆ. ಆಗಲಿಲ್ಲ. ಗಾಡಿ ಎಳೆದೆ, ಕದಲಲಿಲ್ಲ. ಕಾಳಕ್ಕನನ್ನು ಕೂಗಿದೆ, ಗಾಳಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ತಲೆಯ ಮೇಲೆ ಅದೇ ಮರ. ಇನ್ನೂ ಎರಡು ಒಣಗರಿ ಅದರಲ್ಲಿ ಜೋತಿದೆ ಅಂತ ಗೊತ್ತಿತ್ತು. ನಾಲ್ಕು ತಿಂಗಳಿಂದ ಗೊತ್ತಿತ್ತು! ಅವನ ಮೇಲೆ ಬೋರಲು ಬಗ್ಗಿ ನಿಂತೆ. ಬೆನ್ನು ಮೇಲೆ ಮಾಡಿ. ಬೇರೇನೂ ತೋಚಲಿಲ್ಲ. ಅವನು ನನ್ನ ಮೀಸೆ ಎಳೆದು ಆಡಿದ. ಎಷ್ಟು ಹೊತ್ತೋ. ಅರ್ಧ ಗಂಟೆ ಅನ್ನುತ್ತಾಳೆ ಕಾಳಕ್ಕ.

ಹುಲ್ಲಿನ ಹೊರೆ ಬಿಸಾಕಿ ಓಡಿ ಬಂದಳು. ಒಂದೇ ಕ್ಷಣ, ಟಕ್ ಅಂತ ಬಿಚ್ಚಿದಳು. ಮನೆಗೆ ತಂದು ಮಲಗಿಸಿ ಮೈಯೆಲ್ಲ ನೋಡಿದಳು.

“ಏನೂ ಆಗಿಲ್ಲ ಕಣ್ ರಂಗಣ್ಣ, ಅಳಬ್ಯಾಡ. ನಾನ್ಯಾರ್ಗೂ ಹೇಳಾಕಿಲ್ಲ ಬುಡು. ಆ ಗರಿ ಎಳ್ದು ಒಲೆ ಮುಂದ್ಕೆ ಹಾಕ್ತೀನಿ. ಗಾಡಿ ಗುಂಡಿಗಿಳೀತು ಅನ್ನು, ಮುಗೀತು.”

“ಬೇಡ. ಇರಲಿ ಅಲ್ಲೇ.”

“ಯಾಕೆ? ಕೂಸು ಮಾಯಸಂದ್ರಕ್ಕೆ ಹೋಯ್ತದೆ, ತಿಳ್ಕೊ.”

“ತಿಳಿದಿದೆ ಕಾಳಕ್ಕ.”

ನನ್ನನ್ನೊಮ್ಮೆ ನೋಡಿ ಕುರಿಯ ಕಡೆ ಹೋದಳು.

5.50

ಗರಿ ದಾರಿಯಲ್ಲೇ ಇದೆ, ಗಾಡಿ ಅದರಡಿಯಲ್ಲಿ. ಎಳೆದು ಹಾಕಿಬಿಟ್ಟರೆ ಆಮೇಲೆ ನನಗೆ ಧೈರ್ಯ ಬರುವುದಿಲ್ಲ. ರಾಗಿ ಮೂಟೆಯದ್ದನ್ನು ಹಾಗೇ ಮುಚ್ಚಿಟ್ಟೆ. ಒಂದು ತಿಂಗಳು ಹಾಯಾಗಿದ್ದೆ ಕೂಡ.

ನಾಲ್ಕು ಚಕ್ರದ್ದು ತಂದಿದ್ದರೆ ಮನೆಯೊಳಗೇ ಇರುತ್ತಿದ್ದ. ಅವಳು ಹೇಳಿದಳು, ಮೆಲ್ಲಗೆ ಹೇಳಿದಳು. ಕಾಯಿ ಇಟ್ಟು ಪರೀಕ್ಷೆ ಮಾಡಿದೆನಂತೆ! ಕಾಯಿಯ ಮೇಲೆ ಗರಿ ಬಿದ್ದರೆ ಯಾರು ಕೇಳುತ್ತಾರೆ?

ಸಿದ್ದು ಸ್ಪೂನು ನನ್ನ ಕಡೆ ಚಾಚಿದ್ದಾನೆ. ಎಡಗೈಯೊಳಗೆ ಇಡುತ್ತಾನೆ, ಬೀಳುತ್ತದೆ, ತೆಗೆದು ಮತ್ತೆ ಇಡುತ್ತಾನೆ.

6.10

ಬಸ್ಸಿನ ಹಾರ್ನ್ ಆಯಿತು. ಕಿಟಕಿಯಿಂದ ಕಾಣುತ್ತದೆ, ಮಧುಶ್ರೀ ದಾರಿಗೆ ತಿರುಗಿದಳು. ಮರ ನೋಡಿಕೊಂಡು ಬರುತ್ತಿದ್ದಾಳೆ, ಅತ್ತೆ ಕಲಿಸಿದ ಹಾಗೆ. ಗಾಡಿ ಇನ್ನೂ ಕಂಡಿಲ್ಲ.

ಬಾಯಲ್ಲಿ ತಡವರಿಸುತ್ತೇನೆಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಓದಿ ಹೇಳಿಬಿಡುತ್ತೇನೆ.

ಮಧು, ಮಗು ಚೆನ್ನಾಗಿದೆ. ಮೊದಲು ಎತ್ಕೊ. ಆಮೇಲೆ ಕೂತ್ಕೊಮ್ಮ. ನಿಮ್ಮಮ್ಮನಿಗೆ ಫೋನ್ ಮಾಡೋಕೆ ಮುಂಚೆ ಎರಡು ಮಾತಿದೆ. ಒಂದು ಇವತ್ತಿಂದು. ಇನ್ನೊಂದು ಹೋದ ತಿಂಗಳು ಏಳನೇ ತಾರೀಖಿಂದು. ಅವತ್ತು ನಾನು

ಓಡಿ ಬರುತ್ತಿದ್ದಾಳೆ