ಅರಸನ ಅಡುಗೆಮನೆಯ ಹಿಂದಿನ ಗುಂಡಿ

ಹಳೆ ಅರಮನೆಯ ಕಾವಲಿಗಿರುವ ಅಣ್ಣನವರಿಗೆ,

ನಮಸ್ಕಾರ. ಭಾನುವಾರ ಹಳದಿ ಫ್ರಾಕಿನ ಮಗಳೊಂದಿಗೆ ಬಂದಿದ್ದವಳು ನಾನು. "ನೋಡೋಕೆ ಏನಿಲ್ಲಮ್ಮ, ನೆರಳಲ್ಲಿ ಕೂತು ಬುತ್ತಿ ತಿಂದು ಹೋಗಿ" ಎಂದಿದ್ದಿರಿ. ನಿಜವೇ. ಮೊಣಕಾಲೆತ್ತರದ ಗೋಡೆಗಳನ್ನು ಕಂಡು ನಮ್ಮ ಯಜಮಾನರು, "ಇದಕ್ಕಿಂತ ನಮ್ಮ ಓನರ್ ಮನೆ ಕಾಂಪೌಂಡೇ ಎತ್ತರ" ಎಂದು ನಗಾಡಿದರು. ಅರಮನೆ ಎಲ್ಲಿ ಎಂದು ಮಗಳು ಅಳತೊಡಗಿದಳು. ನಾನೇ, "ಹೋಗು ಪುಟ್ಟಿ, ರಾಜನ ಅಡುಗೆಮನೆ ಹುಡುಕು" ಎಂದು ಕಳಿಸಿದೆ.

ಅವಳು ಹಿಂದಿನ ಗೋಡೆಯಾಚೆ, ಪೊದೆ ಮುಚ್ಚಿದ ಗುಂಡಿಗೆ ಇಳಿದಿದ್ದಳು. ಮೈಯೆಲ್ಲ ಮಣ್ಣಾಗಿ ಹತ್ತಿ ಬಂದಾಗ ಕೈಯಲ್ಲಿ ಯಾವುದೋ ಮಗುವಿನ ಒಂದು ಚಪ್ಪಲಿ ಇತ್ತು. ಹೊಸದು, ಹಿಮ್ಮಡಿಯೂ ಸವೆದಿಲ್ಲ. ನಿಮಗೆ ಹೇಳೋಣವೆಂದರೆ ಇವರು, "ಯಾರೋ ಬಿಸಾಕಿರ್ತಾರೆ, ನೀನೊಬ್ಬಳು, ಬಾ" ಎಂದು ಗಾಡಿ ಶುರು ಮಾಡಿಬಿಟ್ಟರು. ಅಂದಿನಿಂದ ನನಗೆ ನಿದ್ದೆ ಹತ್ತಿಲ್ಲ. ಅಲ್ಲಿನ ಫಲಕದ ಮೇಲಿದ್ದ ನಂಬರಿಗೆ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತುವುದಿಲ್ಲ.

ಈಗ ಬೆಳಿಗ್ಗೆ ತಲೆ ಬಾಚುವಾಗ, ಇನ್ನೊಂದು ಚಪ್ಪಲಿ ಅಲ್ಲಿರಲಿಲ್ಲವಾ ಎಂದು ಮಗಳನ್ನು ಕೇಳಿದೆ.

"ಇತ್ತಮ್ಮ. ಎಳೆದೆ, ಬರ್ಲೇ ಇಲ್ಲ" ಎಂದಳು.

ಕಲ್ಲಿನ ಸಂದಿಗೆ ಸಿಕ್ಕಿರಬಹುದು. ಹಾಗೇ ಆಗಿರಲಿ. ಈ ಪತ್ರವನ್ನು ನಿಮ್ಮ ಕಡೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಚಪ್ಪಲಿ ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೊರಟಿದ್ದೇನೆ. ಅವರು ನಗಬಹುದು, ತಡ ಮಾಡಬಹುದು. ನೀವು ಹತ್ತಿರದಲ್ಲೇ ಇದ್ದೀರಿ. ದಯವಿಟ್ಟು ಟಾರ್ಚು, ಹಗ್ಗ ತೆಗೆದುಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ಈಗಲೇ ಹೋಗಿ ನೋಡಿ.

ಕುಡಿಯುವ ನೀರನ್ನೂ ಒಯ್ಯಿರಿ.

ಇಂತಿ,
ಪುಟ್ಟಿಯ ತಾಯಿ