ಉಣುಗು ಹಿಡಿಯುವವಳಿಗೆ ಇಪ್ಪತ್ತು ಸಮಾನಾರ್ಥಕ ಪದಗಳು

ನೇಮಕಾತಿ ಪರೀಕ್ಷೆಯ ಉಸ್ತುವಾರಿ ಹೊತ್ತ ಮಾನ್ಯರೇ,

ಕಾಡಿನಲ್ಲಿ ಉಣುಗು ಹಿಡಿಯುವ ಕೆಲಸಕ್ಕೆ ಇಂಗ್ಲಿಷ್ ಸಮಾನಾರ್ಥಕ ಪದಗಳು ಯಾಕೆ ಬೇಕು? ಇದೊಂದು ಪ್ರಶ್ನೆಗೆ ಉತ್ತರ ಸಿಗದೆ ನಾಲ್ಕು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಲ ಈ ಪತ್ರ ಬರೆದು ಹರಿದೆ. ನಿಮ್ಮ ಮರ್ಯಾದೆ ಉಳಿಸುವಂಥ ಮಾತು ಹುಡುಕುತ್ತಿದ್ದೆ, ಸಿಗಲಿಲ್ಲ.

ಹೊಸನಗರ ತಾಲ್ಲೂಕಿನ ಹೇಮಾವತಿ ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಈ ಕೆಲಸ ಮಾಡುತ್ತಿದ್ದಾಳೆ. ಮಂಗ ಸತ್ತ ಸುದ್ದಿ ಬಂದರೆ ಆ ಜಾಗಕ್ಕೆ ಹೋಗಿ, ನೆಲದ ಮೇಲೆ ಬಿಳಿ ಬಟ್ಟೆ ಎಳೆದು, ಅದಕ್ಕೆ ಅಂಟಿದ ಉಣುಗುಗಳನ್ನು ಚಿಮಟದಲ್ಲಿ ಹೆಕ್ಕಿ ಸೀಸೆಗೆ ಹಾಕಬೇಕು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಈ ಸಲ ಎಲ್ಲಿ ತಲೆ ಎತ್ತುತ್ತದೆ ಎಂದು ಪ್ರಯೋಗಾಲಯಕ್ಕೆ ತಿಳಿಯುವುದು ಆ ಸೀಸೆಗಳಿಂದ. ಈ ಕೆಲಸಕ್ಕೆ ಒಂದೇ ಕಟ್ಟಳೆ: ಒಂದೇ ತರಹ ಕಂಡದ್ದನ್ನು ಒಂದೇ ಎಂದು ನಂಬಬಾರದು, ಅನುಮಾನ ಬಂದರೆ ಬೇರೆ ಸೀಸೆ. ಈಗ ಆ ಹುದ್ದೆ ಕಾಯಂ ಆಯಿತು. ನೀವು ಪರೀಕ್ಷೆ ಇಟ್ಟಿರಿ. ಅದರಲ್ಲಿ ಇಪ್ಪತ್ತು ಸಮಾನಾರ್ಥಕ ಪದ, ಅದರಲ್ಲೇ ಪ್ರತ್ಯೇಕವಾಗಿ ಕನಿಷ್ಠ ಹತ್ತು ಅಂಕ ಬರಬೇಕೆಂಬ ಗಡಿ. ಎಂಥ ದೂರದೃಷ್ಟಿ. ನಾಳೆ ಉಣುಗು ಇಂಗ್ಲಿಷಿನಲ್ಲಿ ವಾದಕ್ಕಿಳಿದರೆ ಸಿಬ್ಬಂದಿ ಸೋಲಬಾರದಲ್ಲ.

ಈ ಪರೀಕ್ಷೆಗೆ ಅವಳಿಗೆ ಪಾಠ ಹೇಳಿದವನು ನಾನೇ, ತೀರ್ಥಹಳ್ಳಿಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಯೋಚನೆ ಮಾಡಬೇಡ, ಹೊಂದಿಸಿ ಗುರುತು ಹಾಕು ಎಂದು ಬಾಯಿ ನೋಯುವಷ್ಟು ಹೇಳಿದೆ. ಎಂಟುನೂರು ಪದ ಬಾಯಿಪಾಠ ಮಾಡಿದಳು. ಆದರೆ ಹನ್ನೊಂದು ವರ್ಷದ ರೂಢಿ ಎಲ್ಲಿಗೆ ಹೋಗಬೇಕು? ಪ್ರತಿ ಪ್ರಶ್ನೆಗೂ ‘ಮೇಲಿನ ಯಾವುದೂ ಅಲ್ಲ’ ಎಂಬ ಆಯ್ಕೆ ಇತ್ತಂತೆ. ಹದಿಮೂರು ಕಡೆ ಅದನ್ನೇ ತುಂಬಿ ಬಂದಳು. ಬಂದದ್ದು ಏಳು ಅಂಕ.

ನನಗೆ ಸಿಟ್ಟೇ ಬಂತು. ಥಿನ್ ಎಂಬುದಕ್ಕೆ ಸ್ಲಿಮ್ ಎಂದು ಗುರುತು ಹಾಕಲು ನಿನಗೇನು ಕಷ್ಟ ಎಂದು ಗದರಿದೆ.

“ಜ್ವರ ಬಂದು ಬಡಕಲಾದೋರನ್ನ ಸ್ಲಿಮ್ ಅನ್ನಕ್ಕಾಗುತ್ತಾ ಸರ್? ಮನೆಮನೆಗೆ ಹೋದಾಗ ಸುಸ್ತು ಅಂದ್ರೆ ಮಲ್ಕೊಳ್ಳಿ ಅಂತೀವಿ, ನಿತ್ರಾಣ ಅಂದ್ರೆ ಜೀಪು ಕರೆಸ್ತೀವಿ. ಎರಡೂ ಒಂದೇ ಅಂದಿದ್ರೆ ನಮ್ಮ ಪಕ್ಕದ್ಮನೆ ಗುತ್ಯಮ್ಮ ಇವತ್ತು ಇರ್ತಿರ್ಲಿಲ್ಲ.”

ಇಷ್ಟು ವರ್ಷ ಮಕ್ಕಳಿಗೆ ಏನು ಕಲಿಸಿದೆನೋ ಎಂದು ಸಂಕಟವಾಯಿತು. ಮುಂದಿನ ತಿಂಗಳು ಅವಳ ವಯೋಮಿತಿ ಮುಗಿಯುತ್ತದೆ, ಇನ್ನೊಮ್ಮೆ ಪರೀಕ್ಷೆಗೆ ಕೂರುವಂತಿಲ್ಲ.

ಇನ್ನೂ ಇದೆ, ಕೇಳಿ. ತಾತ್ಕಾಲಿಕ ಪಟ್ಟಿಯಲ್ಲಿ ಆಯ್ಕೆಯಾದ ಶ್ರಾವ್ಯಾ ಹತ್ತೊಂಬತ್ತು ಅಂಕ ತೆಗೆದ ಜಾಣೆ, ಆದರೆ ಕಾಡಿಗೆ ಕಾಲಿಟ್ಟವಳಲ್ಲ. ಅವಳಿಗೆ ಎಂಟು ದಿನ ತರಬೇತಿ ಕೊಟ್ಟು ಆಮೇಲೆ ಕೆಲಸ ಬಿಡಬೇಕೆಂದು ಹೇಮಾವತಿಗೆ ಮೇಲಿನಿಂದ ಆದೇಶ ಬಂದಿದೆ. ಹೋಗಬೇಡ ಎಂದು ನಾನು ಹೇಳಿದೆ.

“ಹೇಳಿಕೊಡದೆ ಬಿಟ್ರೆ ಆ ಹುಡುಗಿಗೇ ಉಣುಗು ಕಚ್ಚುತ್ತೆ ಸರ್” ಎಂದಳು. ಸೋಮವಾರದಿಂದ ಹೋಗುತ್ತಿದ್ದಾಳೆ.

ಅಂತಿಮ ಪಟ್ಟಿಗೆ ನಿಮ್ಮ ಸಹಿ ಬೀಳುವುದು ಶುಕ್ರವಾರ. ಅಷ್ಟರೊಳಗೆ ಈ ಹುದ್ದೆಗೆ ಸಮಾನಾರ್ಥಕ ಪದಗಳ ಗಡಿ ತೆಗೆದುಹಾಕಿ, ಕಾಡಿನಲ್ಲೇ ಪರೀಕ್ಷೆ ಇಟ್ಟು ಹೊಸ ಪಟ್ಟಿ ಮಾಡಿ. ಆಗುವುದಿಲ್ಲವೆಂದರೆ, ಈ ಕೆಲಸ ಕಲಿಸಲು ಅರ್ಹಳಾದವಳು ಇದನ್ನು ಮಾಡಲು ಅನರ್ಹಳು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಅದನ್ನು ಅವಳಿಗೆ ಓದಿ ಹೇಳಲು ನೀವೇ ಬರಬೇಕು. ನನ್ನ ಕೈಯಲ್ಲಿ ಆಗುವುದಿಲ್ಲ.

ಇಂತಿ,
ನಿಮ್ಮ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆಯಬಲ್ಲ, ಒಂದು ಉಣುಗನ್ನೂ ಹಿಡಿಯಲಾರದ,
ಉಮಾಪತಿ
ನಿವೃತ್ತ ಇಂಗ್ಲಿಷ್ ಮೇಷ್ಟ್ರು, ತೀರ್ಥಹಳ್ಳಿ